ಗೋಡೆಯಿಲ್ಲದ ಬುರುಜಿನ ಸರದಾರರಿಗೆ

ಜನಾಬ್ ಹೈದರ್ ಖಾನ್ ಸಾಹೇಬರಿಗೆ,

ವಿಜಯಪುರದ ಕಾಯಂ ನಿವಾಸಿಯೊಬ್ಬನ ಸಲಾಮು. ಊರಿನ ಹೆಸರು ಕೇಳಿ ಗಾಬರಿಯಾಗಬೇಡಿ, ಇದು ನಿಮ್ಮ ಬಿಜಾಪುರವೇ. 2014ರ ನವೆಂಬರ್ 1ರಿಂದ ಸರ್ಕಾರಿ ಕಾಗದಗಳಲ್ಲಿ ವಿಜಯಪುರವಾಗಿದೆ, ಜನರ ಬಾಯಲ್ಲಿ ಎರಡೂ ನಡೆಯುತ್ತವೆ. ನಿಮ್ಮ ಬುರುಜು ಮಾತ್ರ ನೀವು ಬಿಟ್ಟುಹೋದ ಜಾಗದಲ್ಲೇ ಇದೆ, ದಖನಿ ಈದ್ಗಾದ ಉತ್ತರಕ್ಕೆ. ಪುಸ್ತಕ ಬರೆಯುವವರು ಅದನ್ನು ಹೈದರ್ ಬುರುಜು ಅನ್ನುತ್ತಾರೆ. ಆಟೋದವನಿಗೆ ಹಾಗಂದರೆ ಅವನು ನಿಮ್ಮ ಮುಖ ನೋಡುತ್ತಾನೆ. ಉಪ್ಪಲಿ ಬುರುಜು ಅನ್ನಬೇಕು. ಅಷ್ಟು ಖರ್ಚು ಮಾಡಿ ಕಟ್ಟಿಸಿದವರ ಹೆಸರನ್ನೇ ಊರು ಕೈಬಿಟ್ಟಿತಲ್ಲ ಎಂಬ ಸಂಕಟ ನಿಮಗಿರಬಹುದು. ಅದಕ್ಕೇ ಈ ಪತ್ರ.

ನಿಮ್ಮ ಬಗ್ಗೆ ಊರಲ್ಲಿ ಹಬ್ಬಿರುವ ಕಥೆಯನ್ನು ಮೊದಲು ತಿಳಿಸಿಬಿಡುತ್ತೇನೆ. ಒಂದನೇ ಅಲಿ ಆದಿಲ್‌ಶಾಹ ಊರ ಸುತ್ತ ಕೋಟೆ ಎಬ್ಬಿಸುವಾಗ ಒಬ್ಬೊಬ್ಬ ಸರದಾರನ ಹೆಗಲಿಗೆ ಒಂದೊಂದು ಭಾಗ ಹೊರಿಸಿದನಂತೆ. ಸುಮಾರು 10 ಕಿ.ಮೀ. ಸುತ್ತಳತೆಯ ಗೋಡೆ, 96 ಬುರುಜು, ಐದು ಹೆಬ್ಬಾಗಿಲು, ಹೊರಗೆ ಕಂದಕ. ಆಗ ನೀವು ಊರಲ್ಲಿರಲಿಲ್ಲ. 'ಸಾಹೇಬ್ರು ದಂಡಿಗೆ ಹೋಗಿದ್ರು ನೋಡ್ರಿ, ಬರೂದ್ರಾಗ ಎಲ್ಲಾ ಬುರುಜ್ ಹಂಚಿ ಮುಗದಿತ್ತು' ಎಂದು ಇಲ್ಲಿ ಹೇಳುತ್ತಾರೆ. ನೀವು ದರ್ಬಾರಿಗೆ ಹೋಗಿ ಮುಖ ಊದಿಸಿಕೊಂಡು ನಿಂತಿರಿ. ಗೋಡೆಯ ಮೇಲೆ ಜಾಗವಿಲ್ಲ, ಒಳಗಡೆ ಕಟ್ಟಿಕೋ, ಬೇಕಾದರೆ ಎಲ್ಲರದಕ್ಕಿಂತ ಎತ್ತರ ಕಟ್ಟಿಕೋ ಎಂದು ಸುಲ್ತಾನ ಸಮಾಧಾನ ಮಾಡಿದ.

ಆ ಪದ್ಧತಿ ನಮ್ಮಲ್ಲಿ ಇನ್ನೂ ನಿಂತಿಲ್ಲ, ಸಾಹೇಬರೇ. ಸಂಪುಟದಲ್ಲಿ ಜಾಗ ಸಿಗದೆ ಮುನಿದವರಿಗೆ ಇವತ್ತಿಗೂ ಯಾವುದಾದರೊಂದು ನಿಗಮವನ್ನೋ ಮಂಡಳಿಯನ್ನೋ ಕೊಟ್ಟು ಕೂರಿಸುತ್ತಾರೆ. ಕಾರು ಬರುತ್ತದೆ, ಕೊಠಡಿ ಸಿಗುತ್ತದೆ, ಬಾಗಿಲ ಮೇಲೆ ಹೆಸರು ಬೀಳುತ್ತದೆ. ಮುನಿಸಿನ ಗಂಟಿನಿಂದ ನಾನೂರು ವರ್ಷಕ್ಕೂ ಮಿಕ್ಕಿ ಬಾಳುವ ಕಟ್ಟಡ ಎಬ್ಬಿಸಿದವರು ಮಾತ್ರ ನನ್ನ ಕಣ್ಣಿಗೆ ನೀವೊಬ್ಬರೇ.

ಎತ್ತರ ಸುಮಾರು 80 ಅಡಿ. ಕಪ್ಪು ಕಲ್ಲಿನ ದುಂಡನೆಯ ಒಡಲು, ಹೊರಮೈಗೆ ಸುತ್ತಿಕೊಂಡು ಏರುವ ಮೆಟ್ಟಿಲು. ಒಳಗೆ ಕೋಣೆಗಳಿಲ್ಲ, ಮಹಡಿಗಳಿಲ್ಲ. ಮೆಟ್ಟಿಲನ್ನು ಯಾಕೆ ಹೊರಗೆ ಹಾಕಿಸಿದಿರಿ ಎಂಬುದು ಮೇಲೆ ಹೋಗಿ ತೋಪುಗಳನ್ನು ನೋಡಿದ ಮೇಲೆ ಅರ್ಥವಾಗುತ್ತದೆ. ಅಷ್ಟು ಭಾರ ಹೊತ್ತು, ಸಿಡಿದಾಗಿನ ಒದೆತವನ್ನೂ ತಡೆಯಬೇಕಾದ ಕಟ್ಟಡದ ಹೊಟ್ಟೆ ಕೊರೆದರೆ ಕೆಲಸ ಕೆಡುತ್ತದೆ. ನಮ್ಮ ಊರಿನಲ್ಲಿ ಅಂದಚಂದಕ್ಕೆ ಕೊರತೆಯಿಲ್ಲ. ಇಬ್ರಾಹಿಂ ರೋಜಾದ ಕಲ್ಲಿನ ಜಾಲಂಧ್ರಗಳ ಮುಂದೆ ನಿಂತವರಿಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ನಿಮ್ಮ ಬುರುಜಿನಲ್ಲಿ ಅಂಥ ಕುಸುರಿ ಇಲ್ಲ. ಒಂದು ಫಾರ್ಸಿ ಶಾಸನ ಬಿಟ್ಟರೆ ಮಿಕ್ಕದ್ದೆಲ್ಲ ಬರೀ ಗಟ್ಟಿತನ. ನನಗೆ ಅದೇ ಇಷ್ಟ.

ಮೇಲಿರುವ ಎರಡು ತೋಪುಗಳಲ್ಲಿ ಉದ್ದನೆಯದು 30 ಅಡಿ ದಾಟುತ್ತದೆ. ಅದು ಎರಕದ್ದಲ್ಲ, ಬೆಸೆದದ್ದು. ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ, ಕಾಯಿಸಿದ ಬಳೆಗಳನ್ನು ಒಂದರ ಪಕ್ಕ ಒಂದು ತೊಡಿಸಿದ್ದಾರೆ. ಬಳೆ ಆರಿ ಕುಗ್ಗಿದಾಗ ಒಳಗಿನ ಪಟ್ಟಿಗಳನ್ನು ಬಿಗಿಹಿಡಿಯುತ್ತದೆ. ಕಮ್ಮಾರನ ಕೆಲಸದ ದಾರಿ ಈಗಲೂ ಕೈಗೆ ಸಿಗುತ್ತದೆ. ತೋಪಿನ ಮೈಮೇಲೆ ಅಂಗೈ ಎಳೆದರೆ ಬಳೆ ಮುಗಿದು ಬಳೆ ಶುರುವಾಗುವ ಏಣು ಒಂದಾದ ಮೇಲೊಂದು ತಾಗುತ್ತದೆ. ಏಪ್ರಿಲ್ ಮಧ್ಯಾಹ್ನ ಈ ಕೆಲಸಕ್ಕೆ ಹೋಗಬಾರದು, ಅಂಗೈ ಸುಡುತ್ತದೆ. ಈ ತೋಪು ಈ ಮೆಟ್ಟಿಲ ತಿರುವುಗಳಲ್ಲಿ ಏರಿ ಬಂದಿರಲಿಕ್ಕೆ ಸಾಧ್ಯವೇ ಇಲ್ಲ ಎಂದು ಹತ್ತಿ ಬಂದ ಯಾರಾದರೂ ಹೇಳಿಯಾರು.

ಇನ್ನು ಕಥೆಯ ವಿಚಾರ. ಸೊಗಸಾಗಿದೆ, ಆದರೆ ಲೆಕ್ಕ ಕೂಡುವುದಿಲ್ಲ. ಕೋಟೆಗೋಡೆ ಮುಗಿದದ್ದು 1565ರಲ್ಲಿ, ತಾಳಿಕೋಟೆಯ ಕಾಳಗ ನಡೆದ ವರ್ಷ. ನಿಮ್ಮ ಬುರುಜು 1584ರ ಸುಮಾರಿನದು. ಹಾಗಾದರೆ ನೀವು ದಂಡಿನಿಂದ ಮರಳಿ, ದೂರು ಕೊಟ್ಟು, ಅಪ್ಪಣೆ ಪಡೆದು, ಕೆಲಸ ಮುಗಿಸುವುದರೊಳಗೆ 19 ವರ್ಷ ಕಳೆಯಿತು. ನಮ್ಮ ಕಾಲದ ಮೇಲ್ಸೇತುವೆಗಳನ್ನು ಕಂಡ ನನಗೆ ಅದೊಂದು ದೊಡ್ಡ ವಿಳಂಬವಾಗಿ ಕಾಣುವುದಿಲ್ಲ. ಆದರೆ ಅಪ್ಪಣೆ ಕೊಟ್ಟನೆನ್ನುವ ಸುಲ್ತಾನ 1580ರಲ್ಲೇ ಕೊಲೆಯಾಗಿದ್ದ. ಬುರುಜು ಎದ್ದು ನಿಂತಾಗ ಸಿಂಹಾಸನದ ಮೇಲಿದ್ದವನು ಒಂಬತ್ತರ ವಯಸ್ಸಿಗೆ ಪಟ್ಟಕ್ಕೆ ಬಂದ ಎರಡನೇ ಇಬ್ರಾಹಿಂ.

ಆ ನಾಲ್ಕು ವರ್ಷಗಳಲ್ಲಿ ಅರಮನೆಯೊಳಗೆ ಏನೇನು ನಡೆಯಿತು ಎಂದು ನಾನು ನಿಮಗೆ ಹೇಳಬೇಕೆ? ಹುಡುಗ ಸುಲ್ತಾನನ ಹೆಸರಲ್ಲಿ ಅಧಿಕಾರ ನಡೆಸಲು ಸರದಾರರು ಸಾಲುಗಟ್ಟಿದ್ದರು. ಕಮಿಲ್ ಖಾನ್ ಹೋದ, ಕಿಶ್ವರ್ ಖಾನ್ ಬಂದ. ಅವನು ಅಲಿಯ ವಿಧವೆ ಚಾಂದ್ ಬೀಬಿಯನ್ನೇ ಸಾತಾರದ ಸೆರೆಗೆ ಕಳಿಸಿದ. ಅವನನ್ನು ಓಡಿಸಿ ಇಖ್ಲಾಸ್ ಖಾನ್ ಬಂದ. ಇಖ್ಲಾಸ್ ಖಾನನ ಕಣ್ಣು ಕೀಳಿಸಿ ದಿಲಾವರ್ ಖಾನ್ ಕೂತ. ಇದರ ನಡುವೆ ಅಹ್ಮದ್‌ನಗರ, ಗೋಲ್ಕೊಂಡದ ದಂಡುಗಳು ಬಂದು ಕೋಟೆಯ ಹೊರಗೆ ಡೇರೆ ಹೊಡೆದವು. ನೀವು ತೋಪು ಏರಿಸುತ್ತಿದ್ದದ್ದು ಇಂಥ ಕಾಲದಲ್ಲಿ, ಗೋಡೆಯ ಮೇಲಲ್ಲ, ಗೋಡೆಯ ಒಳಗೆ.

ಹಾಗಾಗಿ, ತಪ್ಪು ತಿಳಿಯಬೇಡಿ, ನನ್ನದೊಂದು ಅನುಮಾನವಿದೆ. ಜಾಗ ಸಿಗಲಿಲ್ಲವೆಂಬ ಮುನಿಸಿನ ಕಥೆ ನಿಮಗೆ ಅನುಕೂಲವಾಗಿಯೇ ಇತ್ತು. ಗೋಡೆಯ ಬುರುಜಿಗೆ ಒಂದೇ ಕೆಲಸ, ಹೊರಗೆ ನೋಡುವುದು. ಒಳಗಿನ 80 ಅಡಿ ಎತ್ತರದಿಂದ ಗೋಡೆಯಾಚೆಯ ಬಯಲೂ ಕಾಣುತ್ತದೆ, ತಿರುಗಿ ನಿಂತರೆ ಊರಿನ ಬೀದಿಗಳೂ ಕಾಣುತ್ತವೆ. ಮೂರು ತಿಂಗಳಿಗೊಮ್ಮೆ ದಿವಾನರು ಬದಲಾಗುವ ಊರಲ್ಲಿ ಬುದ್ಧಿವಂತ ಸರದಾರ ಯಾವ ಕಡೆ ಹೆಚ್ಚು ನೋಡುತ್ತಾನೆ? ಇದು ಊಹೆ, ಒಪ್ಪುತ್ತೇನೆ. ಸಿಟ್ಟಿಗೆದ್ದ ಮಗುವಿನಂತೆ ಬುರುಜು ಕಟ್ಟಿದಿರಿ ಎನ್ನುವುದಕ್ಕಿಂತ ಇದರಲ್ಲಿ ನಿಮಗೆ ಮರ್ಯಾದೆ ಹೆಚ್ಚು.

ಕಾವಲಿನ ಫಲವೇನಾಯಿತು ಎಂದು ಕೇಳುವ ಧೈರ್ಯ ನಿಮಗಿದ್ದರೆ ಹೇಳುತ್ತೇನೆ. ನೀವು ಕಟ್ಟಿಸಿ ನೂರು ವರ್ಷಕ್ಕೆ, 1685ರಲ್ಲಿ ಮೊಗಲರು ಬಂದು ಸುತ್ತುಗಟ್ಟಿದರು. ಕೊನೆಗೆ ಔರಂಗಜೇಬನೇ ಬಂದು ಬೀಡುಬಿಟ್ಟ. ನಿಮ್ಮ ಬುರುಜಿನ ಕಾವಲುಗಾರನಿಗೆ ಶತ್ರು ಕಾಣಲಿಲ್ಲವೆಂದು ಯಾರೂ ದೂರುವಂತಿಲ್ಲ; ತಿಂಗಳುಗಟ್ಟಲೆ ದಿನವೂ ಕಾಣುತ್ತಿದ್ದ. ಒಳಗೆ ಕಾಳು ತೀರಿತು, ಮೇವು ತೀರಿತು. 1686ರ ಸೆಪ್ಟೆಂಬರ್ 12ರಂದು ಕೊನೆಯ ಸುಲ್ತಾನ ಸಿಕಂದರ್ ಊರು ಒಪ್ಪಿಸಿದ. ಔರಂಗಜೇಬ್ ಮಂಗೋಳಿ ಬಾಗಿಲಿನಿಂದ ಒಳಗೆ ಬಂದ; ಅದಕ್ಕೇ ಅದು ಫತೇ ದರ್ವಾಜಾ ಆಯಿತು. ಬುರುಜು ಬಿದ್ದಿರಲಿಲ್ಲ, ತೋಪು ಕೆಟ್ಟಿರಲಿಲ್ಲ. ಹಗೇವಿನ ತಳ ಕಾಣುವುದಕ್ಕೆ 80 ಅಡಿ ಎತ್ತರ ಯಾವ ಉಪಯೋಗಕ್ಕೂ ಬರಲಿಲ್ಲ.

ಈಗಿನ ಸ್ಥಿತಿ: ನಿಮ್ಮ ಬುರುಜಿಗೆ ಒಡೆಯ ಪುರಾತತ್ವ ಇಲಾಖೆ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್‌ವರೆಗೆ ಹೊಸ ಕಟ್ಟಡ ಎಬ್ಬಿಸುವಂತಿಲ್ಲ, ಅದರಾಚೆ ಇನ್ನೂ 200 ಮೀಟರ್‌ವರೆಗೆ ಕೇಳಿಯೇ ಕಟ್ಟಬೇಕು ಎಂದು ಕಾನೂನಿದೆ. ನಿಮ್ಮ ತೋಪಿನ ಗುಂಡು ಎಲ್ಲಿಯವರೆಗೆ ಹೋಗುತ್ತಿತ್ತೋ, ಕಾನೂನಿನ ಗುಂಡು ಹೋಗುವುದು ಇಷ್ಟು. ಮೇಲೆ ನಿಂತು ನೋಡಿದರೆ ಎರಡಕ್ಕೂ ಜನ ಹೆಚ್ಚು ಹೆದರಿದಂತೆ ಕಾಣುವುದಿಲ್ಲ. ತಾರಸಿಯ ಮೇಲೆ ತಾರಸಿ, ನೀರಿನ ಟ್ಯಾಂಕಿಯ ಪಕ್ಕ ಟ್ಯಾಂಕಿ, ಒಣಹಾಕಿದ ಸೀರೆಗಳು. ಪೂರ್ವಕ್ಕೆ ಗೋಲಗುಮ್ಮಟ, ನಿಮ್ಮ ಕಾಲದಲ್ಲಿ ಇರಲಿಲ್ಲ. ಮಹಮ್ಮದ್ ಆದಿಲ್‌ಶಾಹನ ಗೋರಿ. ಊರಿಗೆ ಬಂದವರೆಲ್ಲ ಅಲ್ಲಿ ಕೂಗಿ ತಮ್ಮ ದನಿಯನ್ನು ತಾವೇ ಏಳು ಸಲ ಕೇಳಿ ರೈಲು ಹಿಡಿಯುತ್ತಾರೆ. ನಿಮ್ಮಲ್ಲಿಗೆ ಬರುವವರು ಕಡಿಮೆ. ಬಂದವರು ತೋಪಿನ ಮೇಲೆ ಕೂತು ಫೋಟೊ ತೆಗೆಸಿಕೊಳ್ಳುತ್ತಾರೆ.

ನನ್ನದೊಂದು ಅರಿಕೆಯಿದೆ, ಅದು ನಿಮಗಲ್ಲ, ಈ ಪತ್ರವನ್ನು ಓದುತ್ತಿರುವ ಬೇರೆಯವರಿಗೆ. ಊರಿಗೆ ಬಂದರೆ ಗೋಲಗುಮ್ಮಟಕ್ಕೆ ಮುಂಚೆ ಇಲ್ಲಿಗೆ ಬನ್ನಿ, ಬೆಳಗ್ಗೆಯೇ. ಇಡೀ ಊರು ಹೇಗೆ ಹರಡಿಕೊಂಡಿದೆ ಎಂಬುದು ಇಲ್ಲಿಂದ ತಿಳಿದಷ್ಟು ಬೇರೆಲ್ಲಿಂದಲೂ ತಿಳಿಯುವುದಿಲ್ಲ. ಬೀಗದಕೈಯಿಂದ ಕಬ್ಬಿಣದ ಮೇಲೆ ಹೆಸರು ಗೀಚಬೇಡಿ. ಕಟ್ಟಿಸಿದವರ ಹೆಸರೇ ಊರಿನ ಬಾಯಲ್ಲಿ ಉಳಿದಿಲ್ಲ.

ಇಂತಿ,
ಬುರುಜಿನ ನೆರಳಿಗೆ ಹತ್ತಿರವಿರುವ ಒಬ್ಬ ನಿವಾಸಿ

ತಾ.ಕ.: ಹೊಟ್ಟೆಕಿಚ್ಚು ಇನ್ನೂ ಇದ್ದರೆ ಒಂದು ಸಮಾಧಾನದ ಸುದ್ದಿ. ಪಶ್ಚಿಮದ ಗೋಡೆಯ ಮೇಲೆ, ನಿಮಗೆ ಸಿಗದ ಆ ಗೋಡೆಯ ಮೇಲೆಯೇ, ಮಲಿಕ್-ಎ-ಮೈದಾನ್ ಎಂಬ ಕಂಚಿನ ತೋಪಿದೆ. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು. ಉದ್ದದಲ್ಲಿ ನಿಮ್ಮದರ ಅರ್ಧವೂ ಇಲ್ಲ, ಹೆಸರೆಲ್ಲ ಅದಕ್ಕೇ. ಬ್ರಿಟಿಷರ ಕಾಲದಲ್ಲಿ, 1854ರಲ್ಲಿ, ಕೆಲಸಕ್ಕೆ ಬಾರದ ಹಳೆಯ ಸಾಮಾನೆಂದು ಅದನ್ನು ಹರಾಜಿಗೆ ಹಾಕಿದರು. ಬಂದ ಅತಿ ಹೆಚ್ಚಿನ ಸವಾಲು 150 ರೂಪಾಯಿ. ಅಷ್ಟಕ್ಕೆ ಕೊಡಲು ಮನಸ್ಸಾಗದೆ ಹರಾಜು ಕೈಬಿಟ್ಟರು. ಸುಮಾರು 55 ಟನ್ ತೂಕದ ಆ ತೋಪು ಇವತ್ತಿಗೂ ಷೆರ್ಜಾ ಬುರುಜಿನ ಮೇಲೆಯೇ ಇದೆ.