ಹೊಸ ಬೂಟಿನ ಮಹಾಶಯರು

ದೇಶಾಟನಪ್ರಿಯರಲ್ಲಿ ಒಂದು ವಿಶಿಷ್ಟ ವರ್ಗವುಂಟು. ಜಲಪಾತ, ಕೋಟೆ, ವಸ್ತುಸಂಗ್ರಹಾಲಯ ಮೊದಲಾದ, ಟಿಕೀಟು ಕೊಂಡವರಿಗೆಲ್ಲ ಭೇದವಿಲ್ಲದೆ ದರ್ಶನವೀಯುವ ಸ್ಥಳಗಳಲ್ಲಿ ಇವರಿಗೆ ಅಭಿರುಚಿಯಿಲ್ಲ; ಭೂಪಟದ ಸೂಕ್ಷ್ಮಾಕ್ಷರಗಳಲ್ಲಿ ಅಡಗಿರುವ ಯಾವುದೋ ಊರಿನಲ್ಲಿ, ಅಲ್ಲಿಯವರು ತಮ್ಮ ಪಾಡಿಗೆ ತಾವು ನಡೆಸಿಕೊಂಡು ಬರುತ್ತಿರುವ ಯಾವುದೋ ಉತ್ಸವಕ್ಕೆ ಕರೆಯಿಲ್ಲದೆ ಹೋಗಿ, ಕರೆಸಿಕೊಂಡವರಂತೆ ಒಳಹೊಕ್ಕು, ಅಲ್ಲಿಯೇ ಹುಟ್ಟಿ ಬೆಳೆದವರಂತೆ ಕಾಣಿಸಿಕೊಳ್ಳಬೇಕೆಂಬುದೇ ಇವರ ಪರಮಾಕಾಂಕ್ಷೆ. ಈ ವರ್ಗದವರನ್ನು ಪೂರ್ಣಪ್ರಭೆಯಲ್ಲಿ ನೋಡಬಯಸುವವರು ಕ್ರಿಸ್‌ಮಸ್ಸಿನ ಮುಂಚಿನ ದಿನಗಳಲ್ಲಿ ಅಮೆರಿಕದ ಟೆಕ್ಸಸ್ ಸಂಸ್ಥಾನದ ಪಶ್ಚಿಮಭಾಗಕ್ಕೆ, ಅಬಿಲೀನ್ ಪಟ್ಟಣದಿಂದ ಉತ್ತರಕ್ಕೆ ಸುಮಾರು 40 ಕಿಲೋಮೀಟರು ದೂರದ ಆನ್ಸನ್ ಎಂಬ ಊರಿಗೆ ಹೋಗತಕ್ಕದ್ದು.

ಊರೆಂದರೆ ಇಷ್ಟೇ: ಸುತ್ತ ಹತ್ತಿಯ ಹೊಲ, ಆಚೆಗೆ ದನದ ಮಂದೆಗಳ ವಿಸ್ತಾರವಾದ ಹುಲ್ಲುಗಾವಲು, ನಡುವೆ ಎರಡು ಸಾವಿರ ಚಿಲ್ಲರೆ ಜನ. ಈ ಜನ ಪ್ರತಿವರ್ಷವೂ ಮೂರು ರಾತ್ರಿ ಪಯನಿಯರ್ ಹಾಲ್ ಎಂಬ ಕಲ್ಲುಕಟ್ಟಡದಲ್ಲಿ ಕೂಡಿ, ‘ಕೌಬಾಯ್ಸ್ ಕ್ರಿಸ್‌ಮಸ್ ಬಾಲ್’ ಎಂಬ ನೃತ್ಯಕೂಟವನ್ನು ನಡೆಸುತ್ತಾರೆ. 1885ರಲ್ಲಿ ಊರ ಹೋಟೆಲೊಂದರಲ್ಲಿ ದನಗಾಹಿಗಳು ಕೂಡಿ ಕುಣಿದದ್ದು ಇದರ ಮೂಲ. ಇದೇ ಊರಿನ ಹಿರಿಯರು 1933ರಲ್ಲಿ ಸಾರ್ವಜನಿಕ ನೃತ್ಯವು ಅಧರ್ಮಕ್ಕೆ ಹೆದ್ದಾರಿಯೆಂದು ನಿಶ್ಚಯಿಸಿ ಅದನ್ನು ಶಾಸನದಿಂದ ನಿಷೇಧಿಸಿದರು. ಮರುವರ್ಷವೇ ಊರಿನ ಉಪಾಧ್ಯಾಯಿನಿಯೊಬ್ಬರು ಈ ಹಳೆಯ ಕೂಟಕ್ಕೆ ಮತ್ತೆ ಜೀವ ಕೊಟ್ಟಾಗ, ಇದೊಂದಕ್ಕೆ ಮಾತ್ರ ಅಡ್ಡಿಯಿಲ್ಲವೆಂದರು. ಹೀಗಾಗಿ 1987ರಲ್ಲಿ ನಿಷೇಧ ತೊಲಗುವವರೆಗೂ ಈ ಊರಿನಲ್ಲಿ ವರ್ಷದ ಮಿಕ್ಕ ದಿನಗಳೆಲ್ಲ ಕುಣಿತವು ಅಪರಾಧವಾಗಿದ್ದು ಈ ಕೆಲವು ರಾತ್ರಿಗಳಲ್ಲಿ ಮಾತ್ರ ಸಂಪ್ರದಾಯವಾಗಿತ್ತು. ಧರ್ಮಶಾಸ್ತ್ರದಲ್ಲಿ ಆಪದ್ಧರ್ಮಕ್ಕೆ ಎಡೆಯಿರುವಂತೆ ಟೆಕ್ಸಸಿನಲ್ಲಿ ಉತ್ಸವಧರ್ಮಕ್ಕೂ ಎಡೆಯುಂಟೆಂದು ತಿಳಿಯಬೇಕು.

ನಮ್ಮ ಮಹಾಶಯರು ಡಲ್ಲಾಸಿನವರು. ಅಂದರೆ ಮೂಲತಃ ಮೈಸೂರು ಕಡೆಯವರು, ಜೀವನೋಪಾಯಕ್ಕಾಗಿ ಕಂಪ್ಯೂಟರನ್ನು ನಂಬಿ ಡಲ್ಲಾಸಿನಲ್ಲಿ ನೆಲೆಸಿದವರು. (ಇವರ ಸಹಧರ್ಮಿಗಳು ನ್ಯೂಯಾರ್ಕಿನಿಂದಲೂ ಜರ್ಮನಿಯಿಂದಲೂ ಬರುತ್ತಾರೆ, ಮಾತಿನ ಭಾಷೆ ಬೇರೆಯಾದರೂ ಲಕ್ಷಣವೊಂದೇ.) ಆನ್ಸನ್ನಿಗೆ ಸುಮಾರು 300 ಕಿಲೋಮೀಟರು ಕಾರಿನ ಪ್ರಯಾಣ. ಆದರೆ ಯಾತ್ರೆಯು ಕಾರಿನಲ್ಲಿ ಆರಂಭವಾಗುವುದಿಲ್ಲ, ಅಂಗಡಿಯಲ್ಲಿ ಆರಂಭವಾಗುತ್ತದೆ. ಉಷ್ಟ್ರಪಕ್ಷಿಯ ಚರ್ಮದಿಂದ ಮಾಡಿದ, ಮೊಳಕಾಲ ಸಮೀಪದವರೆಗೆ ಬರುವ ಬೂಟು. ಬೆಳ್ಳಿಬಣ್ಣದ, ವಿಶಾಲವಾದ ಅಂಚಿನ ಫೆಲ್ಟ್ ಟೋಪಿ. ಸೊಂಟಕ್ಕೆ ಮಂಗಳಾರತಿ ತಟ್ಟೆಯಷ್ಟಗಲದ ಬಕ್ಕಲ್ಲು—ಇವುಗಳನ್ನು ಧರಿಸಿ ಕನ್ನಡಿಯ ಮುಂದೆ ನಿಂತಾಗ, ಹಸುವನ್ನು ಹಾಲಿನ ಪ್ಯಾಕೆಟ್ಟಿನ ಮೇಲಿನ ಚಿತ್ರದಿಂದಾಚೆಗೆ ಹೆಚ್ಚಾಗಿ ಬಲ್ಲವರಲ್ಲದ ಮಹಾಶಯರಿಗೆ, ತಾವು ಹಿಂದಿನ ಜನ್ಮದಲ್ಲಿ ಮಂದೆಯನ್ನು ಅಟ್ಟಿಕೊಂಡು ಟೆಕ್ಸಸಿನಿಂದ ಕ್ಯಾನ್ಸಸಿನ ರೈಲುನಿಲ್ದಾಣದವರೆಗೆ ಹೋಗಿದ್ದಿರಬೇಕೆಂಬ ಭಾವನೆ ಬಲವಾಗುತ್ತದೆ. ಅವರ ಪತ್ನಿಯವರು ಒಂದು ರೇಷ್ಮೆಸೀರೆಯನ್ನು ಪೆಟ್ಟಿಗೆಯಲ್ಲಿಡಲು ಕೈಹಾಕಿದಾಗ, “ಛೆ, ಅಲ್ಲಿಗೆ ಹೋಗಿ ನಗೆಪಾಟಲಾಗೋದು ಬೇಡ, ಜೀನ್ಸ್ ಹಾಕ್ಕೋ,” ಎಂದು ಅಪ್ಪಣೆಯಾಗುತ್ತದೆ.

ಪಯನಿಯರ್ ಹಾಲಿನ ಬಾಗಿಲಿನಲ್ಲಿ ಶಾಂತಸ್ವಭಾವದ ಒಬ್ಬ ವೃದ್ಧರು ನಿಂತಿರುತ್ತಾರೆ. ಕುಣಿತದ ಅಂಗಳಕ್ಕಿಳಿಯುವ ಗಂಡಸರು ಟೋಪಿಯನ್ನು ತೆಗೆದಿಡಬೇಕು, ಹೆಂಗಸರು ಲಂಗವನ್ನು ಧರಿಸಿರಬೇಕು; ಇದು ಅಲ್ಲಿಯ ಕಟ್ಟಳೆ. ಇದನ್ನು ವೃದ್ಧರು ಅತ್ಯಂತ ವಿನಯದಿಂದ ತಿಳಿಸುತ್ತಾರೆ. ಯಾವ ಟೋಪಿಯ ಬಲದಿಂದ ತಾವು ಇಲ್ಲಿಯವರಾಗಬೇಕೆಂದು ಮಹಾಶಯರು ಹೊರಟಿದ್ದರೋ ಆ ಟೋಪಿಯನ್ನು ತೆಗೆಯದೆ ಇಲ್ಲಿಯವರಾಗುವಂತಿಲ್ಲ. ಪತ್ನಿಯವರು ತಮ್ಮ ಜೀನ್ಸನ್ನೂ ಪತಿಯ ಮುಖವನ್ನೂ ಒಮ್ಮೆ ನೋಡಿ, “ನಾನು ಆಗ್ಲೇ ಹೇಳಲಿಲ್ವೇನ್ರೀ?” ಎಂದಷ್ಟೇ ನುಡಿದು, ಗೋಡೆಯ ಬದಿಯ ಬೆಂಚಿನಲ್ಲಿ ಕುಳಿತುಬಿಡುತ್ತಾರೆ. ಆ ರಾತ್ರಿಯ ಅತ್ಯುತ್ತಮ ಆಸನವು ಅದೇ ಎಂದು ನನ್ನ ಅಭಿಪ್ರಾಯ.

ಟೋಪಿ ತೆಗೆದ ಮೇಲೆ ಕಾಣಬರುವ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ನಿಜವಾಗಿ ದನ ಸಾಕಿ ಬಾಳುವ ಮುದುಕರು ಇಸ್ತ್ರಿ ಮಾಡಿದ ಬಿಳಿಯ ಅಂಗಿ ತೊಟ್ಟು, ಎಷ್ಟೋ ಸಲ ಅಟ್ಟೆ ಬದಲಾಯಿಸಿದ ಬೂಟು ಮೆಟ್ಟಿ ಬಂದಿರುತ್ತಾರೆ. ಟೋಪಿಯಿಳಿದರೆ ಅವರ ಹಣೆಯ ನಡುವೆ ದಾರ ಹಿಡಿದು ಎಳೆದಂಥ ಒಂದು ಗೆರೆ: ಅದರ ಕೆಳಗೆ ಬಿಸಿಲಿಗೆ ಸುಟ್ಟು ಕೆಂಪಾದ, ಸುಕ್ಕುಗಟ್ಟಿದ ಮುಖ, ಅದರ ಮೇಲೆ ಹಸುಗೂಸಿನ ಮೈಯ ಬಿಳುಪು. ಆ ಗೆರೆಯನ್ನು ಮಾರುವ ಅಂಗಡಿ ಡಲ್ಲಾಸಿನಲ್ಲಿಲ್ಲ. ನಮ್ಮ ಮಹಾಶಯರದಂತೂ ಕೂದಲಿನ ಬುಡದಿಂದ ಕೊರಳಿನವರೆಗೆ ಏಕಪ್ರಕಾರವಾದ ಎಣ್ಣೆಗೆಂಪು. ಹೊಸ ಟೋಪಿಯ ಬಿಗಿಯಿಂದ ಹಣೆಯ ಸುತ್ತ ಮೂಡಿದ ಅಚ್ಚು ಮಾತ್ರ ಅರ್ಧ ಗಂಟೆಯವರೆಗೆ ಉಳಿದು, ಆಮೇಲೆ ಅದೂ ಮಾಯವಾಗುತ್ತದೆ.

ಮೊದಲು ‘ಗ್ರ್ಯಾಂಡ್ ಮಾರ್ಚ್’ ಎಂಬ ಜೋಡಿಗಳ ಮೆರವಣಿಗೆ. ತರುವಾಯ ವಾಲ್ಟ್ಸ್, ಪೋಲ್ಕಾ, ಶಾಟಿಶ್, ಟೂ-ಸ್ಟೆಪ್. ಟೂ-ಸ್ಟೆಪ್ ಎಂದರೆ ಎರಡು ಚುರುಕು ಹೆಜ್ಜೆ, ಎರಡು ನಿಧಾನದ ಹೆಜ್ಜೆ. ಕೇಳುವುದಕ್ಕೆ ಸುಲಭ, ಮಹಾಶಯರು ಅಂತರ್ಜಾಲದಲ್ಲಿ ನೋಡಿ ಮನೆಯ ಹಜಾರದಲ್ಲಿ ಅಭ್ಯಾಸವನ್ನೂ ಮಾಡಿದ್ದಾರೆ. ಆದರೆ ಹಜಾರದಲ್ಲಿ ಅವರೊಬ್ಬರೇ ಇದ್ದರು. ಇಲ್ಲಿ ಜೋಡಿಗಳೆಲ್ಲ ಅಂಗಳದ ಸುತ್ತ ಒಂದೇ ದಿಕ್ಕಿಗೆ ಹರಿಯಬೇಕು. ಆ ದಿಕ್ಕು ಅಪ್ರದಕ್ಷಿಣೆಯದು! ಬಾಲ್ಯದಿಂದ ನಂಜುಂಡೇಶ್ವರನ ಗುಡಿಯನ್ನು ಬಲಗೊಂಡು ಬೆಳೆದ ಕಾಲುಗಳು ಒಮ್ಮೆಲೇ ನಾಸ್ತಿಕವಾಗಬೇಕೆಂದರೆ ಹೇಗೆ? ಮಹಾಶಯರು ಸದಾಚಾರಕ್ಕೆ ಅನುಗುಣವಾಗಿ ಪ್ರದಕ್ಷಿಣೆಯಾಗಿ ಹೊರಟು, ಎದುರಿನಿಂದ ಬಂದ ಮೂರು ಜೋಡಿಗಳನ್ನು ಹಾಯ್ದು, ನಾಲ್ಕನೆಯದರಲ್ಲಿ ನಿಲ್ಲುತ್ತಾರೆ. ಯಾರೂ ಗದರುವುದಿಲ್ಲ. ಎಂಬತ್ತರ ಆಸುಪಾಸಿನ ಅಜ್ಜಿಯೊಬ್ಬರು ಬಂದು ಅವರ ಕೈಯನ್ನು ತಮ್ಮ ಕೈಯಲ್ಲಿಟ್ಟುಕೊಂಡು, “ಎಡಗಾಲು ಮೊದಲು, ಮಗು, ಕೆಳಗೆ ನೋಡಬೇಡ, ಕಾಲು ಎಲ್ಲಿಗೂ ಓಡಿಹೋಗೋದಿಲ್ಲ,” ಎಂದು, ನಡೆಸಬೇಕಾದವರು ಗಂಡಸರೆಂಬ ನಿಯಮಕ್ಕೆ ಹೊರನೋಟಕ್ಕೆ ಭಂಗ ಬಾರದಂತೆ ಅವರನ್ನು ಎರಡು ಸುತ್ತು ನಡೆಸಿಕೊಂಡು ಬರುತ್ತಾರೆ. ಹೊಸ ಅಟ್ಟೆ ಜಾರುತ್ತದೆ, ಹಿಮ್ಮಡಿ ಬೊಬ್ಬೆಯೇಳುತ್ತದೆ; ಬಕ್ಕಲ್ಲು ಅಜ್ಜಿಗೆ ತಗಲದಿರಲೆಂದು ಮಹಾಶಯರು ಹೊಟ್ಟೆಯನ್ನು ಒಳಗೆಳೆದುಕೊಂಡೇ ಇರಬೇಕಾಗಿ, ಉಸಿರಿಗೂ ತಾಳಕ್ಕೂ ವೈಮನಸ್ಯ ಹುಟ್ಟುತ್ತದೆ.

ಇವರನ್ನು ನೋಡಿ ನಗುವವರು, ಈ ಕೂಟ ಉಳಿದುಬಂದದ್ದೇ ಇವರ ಮೂಲಪುರುಷನೊಬ್ಬನಿಂದ ಎಂಬುದನ್ನು ಮರೆಯಕೂಡದು. ಆ ಹಳೆಯ ಕಾಲದ ಕುಣಿತವನ್ನು ಕಂಡು 1890ರಲ್ಲಿ ಅದರ ಮೇಲೆ ಪದ್ಯ ಬರೆದು ಅದನ್ನು ಲೋಕಪ್ರಸಿದ್ಧಗೊಳಿಸಿದ ಲ್ಯಾರಿ ಚಿಟೆಂಡನ್ ದನಗಾಹಿಯಾಗಿ ಹುಟ್ಟಿದವನಲ್ಲ. ನ್ಯೂಜೆರ್ಸಿಯಲ್ಲಿ ಹುಟ್ಟಿ, ನ್ಯೂಯಾರ್ಕಿನ ಪತ್ರಿಕೆಗಳಿಗೆ ಬರೆದು, ಬಟ್ಟೆಯ ವ್ಯಾಪಾರದ ಸಲುವಾಗಿ ಊರೂರು ಅಲೆಯುತ್ತ ಟೆಕ್ಸಸಿಗೆ ಬಂದು ಆಮೇಲೆ ರ‍್ಯಾಂಚು ಹಿಡಿದವನು. ಅವನು ತೀರಿಕೊಂಡ 1934ರಲ್ಲೇ ಊರವರು ಕೂಟವನ್ನು ಪುನರುಜ್ಜೀವಿಸಿದರು. ಇಂದಿಗೂ ಅವನ ಪದ್ಯದಲ್ಲಿರುವ ಕುಣಿತವನ್ನೇ ಮಾದರಿಯೆಂದು ಭಾವಿಸುತ್ತಾರೆ. ಪರಸ್ಥಳದಿಂದ ಬಂದವನೊಬ್ಬನು ಬರೆದಿಟ್ಟುದನ್ನು ನೋಡಿಕೊಂಡು ಸ್ಥಳೀಯರು ಸ್ಥಳೀಯರಾಗಿರುವುದು ಆನ್ಸನ್ನಿನಲ್ಲಿ ಮಾತ್ರ ನಡೆಯುವ ಸಂಗತಿಯಲ್ಲ. ಆದರೆ ಈ ಸಂಗತಿಯನ್ನು ಮಹಾಶಯರಿಗೆ ತಿಳಿಸುವುದು ಕ್ಷೇಮಕರವಲ್ಲ. ತಾವೂ ಒಂದು ಪದ್ಯ ಬರೆದಾರು.

ಎರಡನೆಯ ರಾತ್ರಿ ಮಹಾಶಯರಲ್ಲಿ ಒಂದು ಮಹತ್ತರ ಪರಿವರ್ತನೆ ಕಂಡುಬರುತ್ತದೆ. ಹಿಮ್ಮಡಿಗೆ ಪಟ್ಟಿ, ಕಾಲಿಗೆ ಆಫೀಸಿನ ಹಳೆಯ ಷೂ, ತಲೆ ಬರಿದು. ಪತ್ನಿಯವರು ಪೇಟೆಯಲ್ಲಿ ಕೊಂಡ ಅಗ್ಗದ ಲಂಗವನ್ನುಟ್ಟು, ಬೆಂಚಿನ ಮೇಲಿಂದ ಹಿಂದಿನ ರಾತ್ರಿಯೆಲ್ಲ ನೋಡಿ ಕಲಿತ ಶಾಟಿಶ್ ಕುಣಿತವನ್ನು—ಮೂರು ಹೆಜ್ಜೆ, ಒಂದು ಕುಪ್ಪಳ—ಅಜ್ಜಿಯ ಮೊಮ್ಮಗಳ ಜೊತೆಯಲ್ಲಿ ಒಂದು ಹೆಜ್ಜೆಯೂ ತಪ್ಪದೆ ಕುಣಿಯುತ್ತಿದ್ದಾರೆ. ಮಹಾಶಯರು ಮಾತ್ರ ಅಂಗಳಕ್ಕಿಳಿಯದೆ, ಯಾರೂ ಒಪ್ಪಿಸದ ಕರ್ತವ್ಯವೊಂದನ್ನು ತಾವಾಗಿಯೇ ವಹಿಸಿಕೊಂಡು, ಬಾಗಿಲಿನ ವೃದ್ಧರ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದಾರೆ. ಬೆಳ್ಳಿಬಣ್ಣದ ಹೊಸ ಟೋಪಿ ತೊಟ್ಟ ಜರ್ಮನಿಯ ಯಾತ್ರಿಕನೊಬ್ಬನು ಒಳಗೆ ಕಾಲಿಡುತ್ತಿರಲು, ವೃದ್ಧರು ಬಾಯಿ ತೆರೆಯುವುದಕ್ಕೆ ಮೊದಲೇ ಮಹಾಶಯರು ಅಡ್ಡಬಂದು, ಗಂಭೀರವಾದ ಮಂದಸ್ವರದಲ್ಲಿ, “ಸ್ವಾಮಿ, ದಯವಿಟ್ಟು ಟೋಪಿ. ನಮ್ಮಲ್ಲಿ ಹಿಂದಿನಿಂದಲೂ ಪದ್ಧತಿ ಹೀಗೆ,” ಎನ್ನುತ್ತಾರೆ.