ಕೋಟಿಂಗ್ ರಾಯರು

ಪ್ರತಿ ಬಡಾವಣೆಯಲ್ಲೂ ಒಬ್ಬ ಕೋಟಿಂಗ್ ರಾಯರು ಇದ್ದೇ ಇರುತ್ತಾರೆ. ಅವರ ನಿಜವಾದ ಹೆಸರು ಕರೆಂಟ್ ಬಿಲ್ಲಿನ ಮೇಲೆ ಮಾತ್ರ ಉಳಿದಿರುತ್ತದೆ. ಮನೆ ಗುರುತಿಸುವುದು ಕಷ್ಟವಲ್ಲ. ಟಿ.ವಿ. ರಿಮೋಟಿಗೆ ಪ್ಲಾಸ್ಟಿಕ್ ಕವರು, ಆ ಕವರಿಗೊಂದು ರಬ್ಬರ್ ಬ್ಯಾಂಡು. ಸೋಫಾದ ಮೇಲೆ ಬಟ್ಟೆ, ಬಟ್ಟೆ ಕೊಳೆಯಾಗದಿರಲೆಂದು ಅದರ ಮೇಲೊಂದು ಟವೆಲು. ಕಾರು ತಂದು ವರ್ಷಗಳೇ ಕಳೆದರೂ ಸೀಟಿನ ಪ್ಲಾಸ್ಟಿಕ್ ಬಿಚ್ಚಿಲ್ಲ. ಬೇಸಿಗೆಯಲ್ಲಿ ಅದರಿಂದ ಇಳಿಯುವವರು ಮೊದಲು ತಮ್ಮ ಬೆನ್ನನ್ನು ಬಿಡಿಸಿಕೊಳ್ಳಬೇಕು. ಆಧಾರ್, ಪ್ಯಾನ್, ಮೊಮ್ಮಗನ ಒಂದನೇ ಕ್ಲಾಸಿನ ಮಾರ್ಕ್ಸ್ ಕಾರ್ಡು, ಮಿಕ್ಸಿಯ ವಾರಂಟಿ ಕಾರ್ಡು ಎಲ್ಲಕ್ಕೂ ಲ್ಯಾಮಿನೇಷನ್. ವಾರಂಟಿ ಕಾರ್ಡಿಗೆ ಅಂಗಡಿಯವನ ಸೀಲು ಹಾಕಿಸುವ ಮೊದಲೇ ಲ್ಯಾಮಿನೇಷನ್ ಆಗಿಬಿಟ್ಟಿತ್ತು. ಸೀಲು ಕೂರಲಿಲ್ಲ, ವಾರಂಟಿ ಸಿಗಲಿಲ್ಲ. "ಕಾರ್ಡಂತೂ ಹೊಸದರ ಹಾಗೇ ಇದೆ ನೋಡಿ" ಎಂಬುದು ರಾಯರ ಸಮಾಧಾನ.

ಇಂಥ ಮನುಷ್ಯ ರಿಟೈರ್ ಆದ ಮೇಲೆ ಸ್ಕೇಲ್ ಮಾಡೆಲ್ ಹುಚ್ಚಿಗೆ ಬಿದ್ದರೆ ಏನಾದೀತು? ನಮ್ಮ ಬೀದಿಯ ರಾಯರು ಬಿದ್ದರು. ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸಿ ಪುಟಾಣಿ ವಿಮಾನ, ಟ್ಯಾಂಕು, ಕಾರು ಕಟ್ಟುವ ಹವ್ಯಾಸ ಅದು. ಉಳಿದವರಿಗೆ ಕಟ್ಟುವುದರಲ್ಲಿ ಖುಷಿ, ಬಣ್ಣ ಹಚ್ಚುವುದರಲ್ಲಿ ಖುಷಿ. ರಾಯರಿಗೆ ಅವೆರಡೂ ದಾಟಿಕೊಳ್ಳಬೇಕಾದ ತಾಪತ್ರಯ. ಅವರ ಜೀವ ಇದ್ದದ್ದೆಲ್ಲ ಕೊನೆಯ ಘಟ್ಟದಲ್ಲಿ, ಅಂದರೆ ಕ್ಲಿಯರ್ ಕೋಟ್ ಸ್ಪ್ರೇಯಲ್ಲಿ. ಬಣ್ಣವಿಲ್ಲದ, ಕಣ್ಣಿಗೆ ಕಾಣದ, ಕಾಪಾಡುವುದಷ್ಟೇ ಕೆಲಸವಾಗಿರುವ ಒಂದು ಪದಾರ್ಥ ಡಬ್ಬಿಯಲ್ಲಿ ಸಿಗುತ್ತದೆ ಎಂದು ಗೊತ್ತಾದ ದಿನ ಅವರ ಮುಖದಲ್ಲಿ ಬಂದ ಕಳೆ ಮಗಳ ಮದುವೆಯಲ್ಲೂ ಇರಲಿಲ್ಲ.

ಸ್ಪ್ರೇ ಯಾಕೆ ಬೇಕು ಎಂದು ಕೇಳಿ ನೋಡಿ. ಕಾಫಿ ಆರುವವರೆಗೂ ಬಿಡುವುದಿಲ್ಲ. ವಿಮಾನದ ಮೇಲಿನ ವಾಯುಪಡೆಯ ಚಕ್ರ, ನಂಬರು, ಎಚ್ಚರಿಕೆಯ ಪುಟಾಣಿ ಅಕ್ಷರ ಇವೆಲ್ಲ ಡಿಕಾಲುಗಳು, ಅಂದರೆ ಕಾಗದದ ಮೇಲೆ ಅಚ್ಚಾಗಿ ಬರುವ ತೆಳು ಚಿತ್ರಗಳು. ಉಗುರುಬೆಚ್ಚಗಿನ ನೀರಿನಲ್ಲಿ ಅರೆ ನಿಮಿಷ ನೆನೆಸಿದರೆ ಗೋಂದು ಸಡಿಲವಾಗಿ ಕಾಗದದಿಂದ ಜಾರುತ್ತವೆ. ಬ್ರಷ್ಷಿನ ತುದಿಯಲ್ಲಿ ಜಾರಿಸಿ ರೆಕ್ಕೆಯ ಮೇಲೆ ಕೂರಿಸಬೇಕು. ಈರುಳ್ಳಿಯ ಒಳಪೊರೆಯಷ್ಟು ತೆಳ್ಳಗಿನ ಮಾಲು. ಉಗುರು ತಾಗಿದರೆ ಗೀರು, ಬೆವರು ತಾಗಿದರೆ ಕಲೆ, ವರ್ಷ ಕಳೆದರೆ ಹಳದಿ. ಅದಕ್ಕೇ ಮೇಲೊಂದು ಕ್ಲಿಯರ್ ಕೋಟು. ಆದರೆ ಬರೀ ಮೇಲೆ ಹೊಡೆದರೆ ಸಾಲದು, ಕೆಳಗೂ ಬೇಕು. ಹೊಳಪಿಲ್ಲದ ಮ್ಯಾಟ್ ಬಣ್ಣದ ಮೈ ಸೂಕ್ಷ್ಮವಾಗಿ ತರಿತರಿ ಇರುತ್ತದೆ. ಅದರ ಮೇಲೆ ನೇರವಾಗಿ ಡಿಕಾಲು ಕೂರಿಸಿದರೆ ಅಡಿಯಲ್ಲಿ ಗಾಳಿ ಸಿಕ್ಕಿಕೊಂಡು ಬೆಳ್ಳಗೆ ಮಿನುಗುತ್ತದೆ. ಇದಕ್ಕೆ ಸಿಲ್ವರಿಂಗ್ ಎನ್ನುತ್ತಾರೆ. ಹಾಗಾಗಿ ಮೊದಲು ನುಣ್ಣಗೆ ಹೊಳೆಯುವ ಗ್ಲಾಸ್ ಕೋಟು, ಮೇಲೆ ಡಿಕಾಲು, ಅದು ಮೈಗಂಟಲು ಸೆಟ್ಟಿಂಗ್ ದ್ರಾವಣ, ಮತ್ತೊಮ್ಮೆ ಗ್ಲಾಸು, ಯುದ್ಧವಿಮಾನ ಮಿರಮಿರ ಮಿಂಚಬಾರದಲ್ಲ, ಕೊನೆಗೆ ಮ್ಯಾಟು. ರಾಯರು ಇದನ್ನು ಹೇಳುವಾಗ ಬೆರಳು ಮಡಚಿ ಮಡಚಿ ಎಣಿಸುತ್ತಾರೆ. ನಡುವೆ ನಾವು ಎದ್ದು ನಿಂತರೆ ಮತ್ತೆ ಮೊದಲಿನಿಂದ.

ಇಂಥ ಮಾಡೆಲ್ ಕಿಟ್ಟು ಮಾಡುವ ಟಮಿಯಾ, ಹಸೆಗಾವಾ, ಆವೊಶಿಮಾ ಮೂರೂ ಕಂಪನಿ ಜಪಾನಿನ ಶಿಜುವೊಕಾ ಪ್ರಾಂತದವು. ರಾಯರು ಇದುವರೆಗೆ ಶಿವಮೊಗ್ಗ ನೋಡಿಲ್ಲ, ಶಿಜುವೊಕಾ ಮಾತ್ರ ಅಂಗೈಯಲ್ಲಿದೆ. ಅಮೆರಿಕದ ಹವ್ಯಾಸಿಗಳು ದಶಕಗಳ ಕಾಲ 'ಫ್ಯೂಚರ್' ಎಂಬ, ನೆಲಕ್ಕೆ ಬಳಿಯುವ ಅಕ್ರಿಲಿಕ್ ಪಾಲಿಶನ್ನೇ ಗ್ಲಾಸ್ ಕೋಟಾಗಿ ಬಳಸಿದರು ಎಂಬ ಸಂಗತಿಯೂ ಅವರಿಗೆ ಗೊತ್ತು. ಅದು ಗೊತ್ತಾದ ಮೇಲೆ ಮನೆಯಲ್ಲಿ ನೆಲ ಒರೆಸುವಾಗಲೆಲ್ಲ ಹಿಂದೆ ಹಿಂದೆ ಹೋಗಿ ಬಾಟ್ಲಿಯ ಲೇಬಲ್ ಓದತೊಡಗಿದರು. "ನೆಲ ಒರೆಸೋಕೆ ಬರಲ್ಲ ಅಂದೋರು ಈಗ ಬಕೆಟ್ ಮುಂದೆ ಕೂತಿದಾರಲ್ಲ!" ಎಂದು ಶ್ರೀಮತಿಯವರು ಮೊದಲು ಸಂತೋಷಪಟ್ಟರು. ಕಾರಣ ತಿಳಿದ ಮೇಲೆ ಬಾಟ್ಲಿ ಬಚ್ಚಿಟ್ಟರು.

ಮೊದಲ ಮಾಡೆಲು ಯಾವುದು ಎಂಬ ಬಗ್ಗೆ ರಾಯರಿಗೆ ಸಂಶಯವೇ ಇರಲಿಲ್ಲ. ಬೆಂಗಳೂರಿನಲ್ಲಿ ಹುಟ್ಟಿ, ಕರ್ಟ್ ಟ್ಯಾಂಕ್ ಎಂಬ ಜರ್ಮನ್ ತಜ್ಞನ ನೇತೃತ್ವದಲ್ಲಿ ರೂಪುಗೊಂಡು, 1961ರ ಜೂನ್ 17ರಂದು ಇಲ್ಲೇ ಮೊದಲು ಹಾರಿದ ಎಚ್.ಎ.ಎಲ್.ನ ಎಚ್.ಎಫ್.-24 ಮಾರುತ್. ಎಪ್ಪತ್ತೆರಡರಲ್ಲಿ ಒಂದು ಪಾಲಿನ ಅಳತೆಯ ಕಿಟ್ಟು ಬಂತು, ಅಂಟಿಸಿದ್ದಾಯಿತು, ಬಣ್ಣವೂ ಆಯಿತು. ಸ್ಪ್ರೇ ಎಲ್ಲಿ? ನ್ಯೂಜೆರ್ಸಿಯ ಮಗನಿಗೆ, ಬರುವಾಗ ಎರಡು ಡಬ್ಬಿ ಹಾಕ್ಕೊಂಡು ಬಾ ಎಂದರು. ಒತ್ತಡ ತುಂಬಿದ, ಬೆಂಕಿ ಹತ್ತುವ ಪೇಂಟ್ ಡಬ್ಬಿಯನ್ನು ಕೈಚೀಲದಲ್ಲೂ ಬಿಡುವುದಿಲ್ಲ, ಲಗೇಜಿನಲ್ಲೂ ಬಿಡುವುದಿಲ್ಲ ಎಂದ ಮಗ. ವಿಮಾನಕ್ಕೆ ಹೊಡೆಯುವ ಸ್ಪ್ರೇಗೆ ವಿಮಾನ ಹತ್ತುವ ಯೋಗವಿಲ್ಲ ಎಂಬ ನೋವಿನಲ್ಲಿ ರಾಯರು ಜೆ.ಸಿ. ರಸ್ತೆಗೆ ಹೋದರು. ಜೊತೆಗೆ ನನ್ನನ್ನೂ ಎಳೆದುಕೊಂಡು ಹೋದರು.

ಆಟೊಮೊಬೈಲ್ ಪೇಂಟ್ ಅಂಗಡಿಯ ಹುಡುಗ ಕೇಳಿದ: "ಯಾವ ಗಾಡಿ ಸಾರ್?"

"ಮಾರುತ್."

"ಮಾರುತಿನಾ? 800ಆ, ಸ್ವಿಫ್ಟಾ?"

"ಮಾರುತಿ ಅಲ್ಲಪ್ಪಾ, ಮಾರುತ್. ಎಚ್.ಎಫ್. ಇಪ್ಪತ್ತನಾಲ್ಕು."

"ಎಷ್ಟನೇ ಇಸವಿ ಗಾಡಿ?"

"ಅರವತ್ತೊಂದು."

"ಅಯ್ಯೋ, ಎಫ್.ಸಿ. ಆಗಲ್ಲ ಸಾರ್ ಅದಕ್ಕೆ. ಸುಮ್ನೆ ಯಾಕೆ ಪೇಂಟಿಗೆ ಖರ್ಚು? ಗುಜರಿಗೆ ಹಾಕ್ಬಿಡಿ."

ರಾಯರು ಒಂದು ಕ್ಷಣ ಕಣ್ಣು ಮುಚ್ಚಿಕೊಂಡರು. ಎಷ್ಟು ದೊಡ್ಡ ಗಾಡಿ, ಎಷ್ಟು ಡಬ್ಬಿ ಬೇಕು ಎಂಬ ಮುಂದಿನ ಪ್ರಶ್ನೆಗೆ ಗೇಣು ಅಗಲಿಸಿ ತೋರಿಸಿದರು. ನಿಜವಾದ ಮಾರುತ್ ಹದಿನಾರು ಮೀಟರಿಗೆ ಸ್ವಲ್ಪ ಕಡಿಮೆ. ಎಪ್ಪತ್ತೆರಡರಿಂದ ಭಾಗಿಸಿದರೆ ಹೆಚ್ಚುಕಡಿಮೆ 22 ಸೆಂಟಿಮೀಟರು, ಒಂದು ಗೇಣು. ಹುಡುಗ ಆ ಗೇಣನ್ನೂ ರಾಯರನ್ನೂ ನೋಡಿ ಒಳಗಿದ್ದ ಯಜಮಾನರನ್ನು ಕರೆದ.

ಕಾರಿನ ಕ್ಲಿಯರ್ ಕೋಟಿನ ದ್ರಾವಕ ತೀಕ್ಷ್ಣ. ಒಮ್ಮೆಲೇ ದಪ್ಪಗೆ ಹೊಡೆದರೆ ಡಿಕಾಲು ಸುಕ್ಕುಗಟ್ಟುತ್ತದೆ, ಕೆಳಗಿನ ಬಣ್ಣವೂ ಕದಡುತ್ತದೆ. ಮೊದಲು ಪ್ಲಾಸ್ಟಿಕ್ ಚಮಚದ ಮೇಲೆ ಹೊಡೆದು ನೋಡಿ ಎಂಬುದು ಅನುಭವಸ್ಥರ ಮಾತು. ರಾಯರು ಒಂದು ಚಮಚಕ್ಕೆ ನಿಲ್ಲುವವರೇ? ಗ್ಲಾಸ್ ಚಮಚ, ಸೆಮಿಗ್ಲಾಸ್ ಚಮಚ, ಮ್ಯಾಟ್ ಚಮಚ, ಕೆಳಗೆ ಕೋಟಿದ್ದದ್ದು, ಇಲ್ಲದ್ದು, ಪ್ರತಿಯೊಂದರ ಬೆನ್ನಿಗೂ ಉಳಿಕೆ ಡಿಕಾಲಿನಿಂದ ಕತ್ತರಿಸಿದ ವಾಯುಪಡೆಯ ಕೇಸರಿ-ಬಿಳಿ-ಹಸಿರು ಚಕ್ರ. ಪಾರ್ಟಿಗೆಂದು ತಂದಿದ್ದ ಐಸ್‌ಕ್ರೀಮ್ ಚಮಚಗಳ ಕಟ್ಟೆಲ್ಲ ಹೀಗೆ ಸೇನೆಗೆ ಸೇರಿತು. ಮೊಮ್ಮಗನ ಹುಟ್ಟುಹಬ್ಬದಲ್ಲಿ ಬಂದ ಮಕ್ಕಳು ಐಸ್‌ಕ್ರೀಮನ್ನು ಕೈಯಲ್ಲೇ ತಿಂದವು.

ಇನ್ನು ಸ್ಪ್ರೇ ಹೊಡೆಯುವ ದಿನ. ತಾರಸಿಯ ಮೇಲೆ ಈಗಾಗಲೇ ಶ್ರೀಮತಿಯವರ ಸಂಡಿಗೆ ಸಾಮ್ರಾಜ್ಯವಿದೆ. ಇಬ್ಬರಿಗೂ ಬೇಕಾದದ್ದು ಒಂದೇ: ಗಾಳಿಯಲ್ಲಿ ಪಸೆಯಿಲ್ಲದ ಬಿಸಿಲು. ಸ್ಪ್ರೇಯ ದ್ರಾವಕ ಸರ್ರನೆ ಆರುವಾಗ ಮೈ ತಣ್ಣಗಾಗುತ್ತದೆ; ಹವೆಯಲ್ಲಿ ತೇವವಿದ್ದರೆ ಅದು ಅಲ್ಲೇ ಕೂತು, ಇಡೀ ವಿಮಾನಕ್ಕೆ ವಿಭೂತಿ ಬಳಿದಂತೆ ಬೆಳ್ಳಗಾಗುತ್ತದೆ. ಆದ್ದರಿಂದ ಆಷಾಢದಲ್ಲಿ ಇಬ್ಬರೂ ಬೆಳಗ್ಗೆದ್ದು ಒಟ್ಟಿಗೆ ಆಕಾಶ ನೋಡುತ್ತಾರೆ. ಎಷ್ಟೋ ವರ್ಷದಿಂದ ಒಂದೇ ವಿಷಯಕ್ಕೆ ತಲೆ ಎತ್ತದಿದ್ದ ದಂಪತಿಗಳು. ರಾಯರು ಆನ್‌ಲೈನಿನಲ್ಲಿ ತರಿಸಿದ ತೇವಾಂಶ ಮಾಪಕ 58 ಎನ್ನುತ್ತದೆ. ಶ್ರೀಮತಿಯವರು ಒಂದು ಸಂಡಿಗೆ ಮುರಿದು, ಅದು ಬಾಗಿತೋ ಚಟ್ಟೆಂದಿತೋ ಎಂದು ನೋಡಿ, "ಇವತ್ತು ಬೇಡ ರೀ" ಎನ್ನುತ್ತಾರೆ. ಗೆಲ್ಲುವುದು ಸಂಡಿಗೆಯೇ. ಒಮ್ಮೆ ಮಾಪಕವನ್ನು ನಂಬಿ ಹೊಡೆದಾಗ ಮಾರುತ್ ಹಿಮಾಲಯದಿಂದ ಬಂದ ಹಾಗಾಯಿತು. ಗಾಳಿ ತಿರುಗಿದ್ದರಿಂದ ಪಕ್ಕದ ಚಾಪೆಯ ಮೇಲಿದ್ದ ಸಂಡಿಗೆಗೂ ಒಂದು ಕೋಟು ಬಿತ್ತು. ಚಾಪೆಯಷ್ಟನ್ನೂ ತಿಪ್ಪೆಗೆ ಸುರಿದು ಬಂದ ಶ್ರೀಮತಿಯವರು ಅಂದಿನಿಂದ ತಾರಸಿಯ ನಡುವೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದಿದ್ದಾರೆ.

ಒಳ್ಳೆಯ ದಿನ ಸಿಕ್ಕಿದರೆ ರಾಯರನ್ನು ನೋಡಬೇಕು. ತಲೆಗೆ ಶವರ್ ಕ್ಯಾಪು, ಮೂಗಿಗೆ ಮಾಸ್ಕು. ಧೂಳಿನ ಎಳೆ ಉದುರಬಾರದೆಂದು ಮೈಮೇಲೆ ಬರೀ ಪಂಚೆ. ಡಬ್ಬಿಯನ್ನು ಬಿಸಿನೀರಲ್ಲಿ ಸ್ವಲ್ಪ ಹೊತ್ತು ಕೂರಿಸಿ, ಒಳಗಿನ ಗುಂಡು ಕಟಕಟ ಎನ್ನುವಂತೆ ಎರಡು ನಿಮಿಷ ಅಲ್ಲಾಡಿಸುತ್ತಾರೆ. ಮ್ಯಾಟ್ ಡಬ್ಬಿಯಾದರೆ ಇನ್ನೂ ಹೆಚ್ಚು. ತಳದಲ್ಲಿ ಕೂತ ಪುಡಿ ಬೆರೆಯದಿದ್ದರೆ ಹರಳು ಹರಳಾಗಿ ಬೀಳುತ್ತದೆ. ಮೂತಿ ಒಂದು ಗೇಣು ದೂರ. ಸ್ಪ್ರೇ ಶುರುವಾಗಬೇಕಾದ್ದು ವಿಮಾನದ ಆಚೆ, ನಿಲ್ಲಬೇಕಾದ್ದು ಈಚೆ. ವಿಮಾನದ ಮೇಲೆ ಕೈ ತಡೆಯಬಾರದು. ಮೊದಲ ಕೋಟು ಬಿತ್ತೋ ಇಲ್ಲವೋ ಅನ್ನುವಷ್ಟು ತೆಳು, ಹದಿನೈದು ನಿಮಿಷ ಬಿಟ್ಟು ಇನ್ನೊಂದು. ನಾನು ನೋಡಿದ ದಿನ, ಕೊನೆಯ ಗ್ಲಾಸ್ ಕೋಟು ಹಸಿಯಿದ್ದಾಗಲೇ ಎಡ ರೆಕ್ಕೆಯ ಮೇಲೆ ಒಂದು ಸೊಳ್ಳೆ ಬಂದಿಳಿಯಿತು. ಹೊಡೆಯುವಂತಿಲ್ಲ, ಊದುವಂತಿಲ್ಲ, ಮುಟ್ಟುವಂತಿಲ್ಲ. ಅದೂ ಎದ್ದು ಹೋಗುವಂತಿಲ್ಲ. "ಸ್ಕೇಲಿನ ಪ್ರಕಾರ ಒಂದೂವರೆ ಅಡಿ ಸೊಳ್ಳೆ ರೀ ಇದು!" ಎಂದು ರಾಯರು ಮಾಸ್ಕಿನೊಳಗೇ ಕೂಗಿದರು. ಅದನ್ನು ಟ್ವೀಜರಿನಲ್ಲಿ ತೆಗೆದಾಗ ಒಂದು ಕಾಲು ಅಲ್ಲೇ ಉಳಿಯಿತು. ಅದು ಈಗಲೂ ಇದೆ, ಗ್ಲಾಸಿನ ಮೇಲೆ, ಮ್ಯಾಟಿನ ಕೆಳಗೆ, ಡಿಕಾಲಿಗಿಂತ ಭದ್ರವಾಗಿ.

ಈ ಹುಚ್ಚು ಮನೆಯೊಳಗೇ ನಿಲ್ಲುವಂಥದ್ದಲ್ಲ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿನ ಆವರಣದಲ್ಲಿ ನಿಜವಾದ ಮಾರುತ್ ಬಿಸಿಲು ಮಳೆಗೆ ಮೈಯೊಡ್ಡಿ ನಿಂತಿದೆ. 1967ರಲ್ಲಿ ವಾಯುಪಡೆ ಸೇರಿ, 1971ರ ಯುದ್ಧದಲ್ಲಿ ಹೋರಾಡಿ, 1990ರಲ್ಲಿ ನಿವೃತ್ತಿಯಾದ ವಂಶ ಅದರದ್ದು. ಜನ ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ. ರಾಯರು ರೆಕ್ಕೆಯನ್ನೇ ನೋಡುತ್ತಾ ನಿಟ್ಟುಸಿರು ಬಿಟ್ಟರು: "ಮೇಲೊಂದು ಕೋಟ್ ಹೊಡೆದಿದ್ದರೆ..."

ಮೊಮ್ಮಗನ ಹಾಟ್ ವೀಲ್ಸ್ ಕಾರನ್ನೂ ಈ ಹುಚ್ಚು ಬಿಡಲಿಲ್ಲ. ಕಂಪನಿಯವರು ಮೆತ್ತನೆಯ ಪ್ಯಾಡಿನಿಂದ ನೇರವಾಗಿ ಬಣ್ಣದಲ್ಲೇ ಒತ್ತಿದ ಚಿತ್ರಗಳಿರುವ ಕಾರು ಅದು, ಆಡಿಯೇ ಸವೆಯಲೆಂದು ಮಾಡಿದ್ದು. ರಾಯರು ಅದರ ಬಣ್ಣ ಕೆರೆದು, ಹೊಸ ಬಣ್ಣ ಹೊಡೆದು, ಡಿಕಾಲು ಹಚ್ಚಿ, ಕೋಟು ಕೊಟ್ಟು, ಒಣಗಲು ಬೀರುವಿನೊಳಗಿಟ್ಟರು.

"ತಾತ, ಕಾರು ಕೊಡು."

"ಒಣಗಲಿ ಪುಟ್ಟ."

ಮುಟ್ಟಿದರೆ ಅಂಟದಿರಲು ಒಂದು ದಿನ ಸಾಕು, ಒಳಗಿನವರೆಗೂ ಗಟ್ಟಿಯಾಗಲು ಇನ್ನಷ್ಟು ದಿನ ಬೇಕು ಎಂಬುದು ನಿಜವೇ. ಆದರೆ ಕಾರು ಒಳಗೆ ಹೋಗಿದ್ದು ಯುಗಾದಿಗೆ, ಮಗು ಮತ್ತೆ ಕೇಳಿದ್ದು ಗಣೇಶನ ಹಬ್ಬಕ್ಕೆ. ಆಗ ಅದು ಹಾಕಿದ ಪಟ್ಟಿಗೆ ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ.

"ತಾತ, ಕೋಟ್ ಯಾಕೆ ಹೊಡಿಯೋದು?"

"ಮುಟ್ಟಿದರೆ ಹಾಳಾಗಬಾರದು ಅಂತ."

"ಕೋಟ್ ಹೊಡೆದಾಯ್ತಲ್ಲ, ಈಗ ಮುಟ್ಟಲಾ?"

"ಬೇಡ ಬೇಡ! ಕೋಟ್ ಹಾಳಾಗತ್ತೆ!"

ಕೋಟನ್ನು ಕಾಪಾಡಬೇಕಲ್ಲ ಎಂದೇ ಅಕ್ರಿಲಿಕ್ ಪೆಟ್ಟಿಗೆ ಬಂತು. ಮಾರುತ್ ಒಳಗೆ ಹೋಯಿತು. ಅಕ್ರಿಲಿಕ್ ಹಾಳೆಗೆ ಸಾಗಣೆಯಲ್ಲಿ ಗೀರು ಬೀಳದಿರಲಿ ಎಂದು ಎರಡೂ ಕಡೆ ಕಂದು ಕಾಗದ ಅಂಟಿಸಿ ಕಳಿಸಿರುತ್ತಾರೆ. ಆ ಕಾಗದವನ್ನು ರಾಯರು ಕೀಳಲಿಲ್ಲ. ಕಿತ್ತರೆ ಪೆಟ್ಟಿಗೆಗೆ ಗೀರು ಬೀಳುತ್ತದೆ. ಈಗ ಮನೆಗೆ ಬಂದವರನ್ನೆಲ್ಲ ಷೋಕೇಸಿನ ಮುಂದೆ ನಿಲ್ಲಿಸುತ್ತಾರೆ. ಮೊನ್ನೆ ಬೀಗರು ಬಂದಿದ್ದರು. ಕಂದು ಕಾಗದದ ಪೆಟ್ಟಿಗೆಯನ್ನು ಬಗ್ಗಿ, ವಾಲಿ, ಕನ್ನಡಕ ಏರಿಸಿ ನೋಡಿ, "ರಾಯರೇ, ಒಳಗೇನೂ ಕಾಣಿಸ್ತಾ ಇಲ್ಲವಲ್ಲ" ಎಂದರು.

ರಾಯರು ಬಾಯಿ ತೆರೆಯುವ ಮೊದಲೇ ಕಾಫಿ ತಂದ ಶ್ರೀಮತಿಯವರು ಹೇಳಿದರು: "ಒಳ್ಳೇದೇ ಆಯ್ತಲ್ಲ ಬಿಡಿ, ದೃಷ್ಟಿ ತಾಗಲ್ಲ."

ರಾಯರು ಅದನ್ನು ಮೆಚ್ಚುಗೆ ಎಂದೇ ತಿಳಿದು ತಲೆದೂಗಿದರು.