ಸ್ಲ್ಯಾಬಿಗೆ ಅಂಟಿದ ಹೆಂಚಿನೊಡನೆ ಸಂದರ್ಶನ

ಬೆಂಗಳೂರಿನ ಹೊರವಲಯದ ವಿಲ್ಲಾ ಬಡಾವಣೆಯೊಂದರಲ್ಲಿ ಮನೆಗಳಿಗೆಲ್ಲ ನೆಲದಿಂದ ಸೂರಿನವರೆಗೆ ಗಾಜು, ಪರಂಪರೆಯೇನಿದ್ದರೂ ಗೇಟಿಗೆ. ಗೇಟಿನ ಮೇಲೆ ಇಳಿಜಾರಾಗಿ ಕಾಂಕ್ರೀಟ್ ಸ್ಲ್ಯಾಬು ಹಾಕಿ, ಮೇಲೆ ಸಿಮೆಂಟು ಮೆತ್ತಿ ಮಂಗಳೂರು ಹೆಂಚು ಕೂರಿಸಿದ್ದಾರೆ. ಅಂಕಣಕಾರರ ಜೊತೆ ಮಾತಿಗೆ ಒಪ್ಪಿದ್ದು ಕೊನೆಯ ಸಾಲಿನ ಮೂಲೆ ಮುಕ್ಕಾದ ಹೆಂಚು.

“ನಿಮ್ಮ ಬೆನ್ನ ಮೇಲೆ 1865 ಅಂತ ಇದೆಯಂತಲ್ಲ, ಅಷ್ಟು ವಯಸ್ಸೇ?”

“ಅದು ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಕಾರ್ಖಾನೆ ಶುರುವಾದ ಇಸವಿ ಮಾರಾಯ್ರೆ. ಹಳೇ ಸಾಮಾನಿನ ವ್ಯಾಪಾರಿ ಅದನ್ನೇ ನನ್ನ ಜಾತಕ ಮಾಡಿ ದುಪ್ಪಟ್ಟು ರೇಟು ಹೇಳಿದ.”

“ಅಂದಮೇಲೆ ನೀವೂ ಹೊರಗಿನವರೇ. ಜಾರ್ಜ್ ಪ್ಲೆಬ್‌ಸ್ಟ್ ಎಂಬ ಜರ್ಮನ್ ಮಿಷನರಿ ಶುರುಮಾಡಿದ್ದು. ನೀವು ಬಂದು ಕುಂಬಾರರ ನಾಡಹೆಂಚಿನ ಹೊಟ್ಟೆಗೆ ಹೊಡೆದಿರಿ.”

“ಮಣ್ಣು ನೇತ್ರಾವತಿಯದ್ದು,” ಎಂದಿತು ಹೆಂಚು. ಕುಂಬಾರರ ವಿಷಯ ಕಿವಿಗೇ ಬೀಳಲಿಲ್ಲ. “ಅದಿರಲಿ, ನನ್ನ ಸ್ಥಿತಿ ನೋಡಿ. ನನ್ನನ್ನು ಹೊರುವ ಪಕ್ಕಾಸು ಇಲ್ಲ, ರೀಪು ಇಲ್ಲ. ನನ್ನ ಕೆಲಸ ಎಂತದು? ಮಳೆನೀರು ಜಾರಿಸುವುದು, ಸಂದಿಯಲ್ಲಿ ಬಿಸಿಗಾಳಿ ಹೊರಗೆ ಬಿಡುವುದು. ಇಲ್ಲಿ ಮಳೆ ತಡೆಯಲಿಕ್ಕೆ ಸ್ಲ್ಯಾಬು ಉಂಟು, ಗಾಳಿಗೆ ದಾರಿಯೇ ಇಲ್ಲ. ಕೇರಳದಲ್ಲಿ ಲಾರಿ ಬೇಕರ್ ನಮ್ಮನ್ನು ಸ್ಲ್ಯಾಬಿನ ಒಳಗೇ ಇಟ್ಟರು. ತಾರಸಿಯ ಕೆಳಭಾಗದಲ್ಲಿ ಕಾಂಕ್ರೀಟಿಗೆ ಹೆಚ್ಚು ಕೆಲಸವಿಲ್ಲ, ಕಬ್ಬಿಣವೇ ಭಾರ ಎಳೆದುಕೊಳ್ಳುತ್ತದೆ. ಆ ಜಾಗಕ್ಕೆ, ಸರಳುಗಳ ನಡುವೆ, ಹೆಂಚು. ಸಿಮೆಂಟೂ ಉಳಿಯಿತು, ಮನೆಯೂ ತಂಪು. ಅದಪ್ಪ ಹೊಸ ಕಾಲದ ಕೆಲಸ! ಇಲ್ಲಿ ನಾನು ಫ್ಯಾನ್ಸಿ ಡ್ರೆಸ್ ಹಾಕಿ ನಿಂತದ್ದು.”

ಅಂಕಣಕಾರರಿಗೆ ಜಗಲಿಯದೇ ಚಿಂತೆ. “ಹೆಂಚು ಹೋಗಲಿ, ಜಗಲಿ ಎಲ್ಲಿ? ಬಿಸಿಲಲ್ಲಿ ಬಂದ ಡೆಲಿವರಿ ಹುಡುಗ ಎಲ್ಲಿ ಕೂರಬೇಕು? ಬಸವನಗುಡಿಯ ಹಳೇ ಮನೆಗಳಲ್ಲಿ...”

“ಸಂದರ್ಶನ ನನ್ನದೋ ಜಗಲಿಯದೋ?”

ಪ್ರಶ್ನೆ ಮೈಸೂರಿನ ದೇವರಾಜ ಮಾರುಕಟ್ಟೆಯತ್ತ ತಿರುಗಿತು. ಹಳೆಯ ಕಟ್ಟಡ ಕೆಡವಿ, ಹಳೇ ಶೈಲಿಯಲ್ಲೇ ಹೊಸದು ಕಟ್ಟುವ ಮಾತು ಅಲ್ಲಿ ನಡೆದಿತ್ತು.

ಹೆಂಚಿನ ದನಿ ಗಡುಸಾಯಿತು. “ಎದುರಿನ ಲ್ಯಾನ್ಸ್‌ಡೌನ್ ಕಟ್ಟಡ 1892ರದ್ದು. 2012ರಲ್ಲಿ ಒಂದು ಭಾಗ ಕುಸಿದು 4 ಜನ ಸತ್ತರು. ಅಂಗಡಿಗಳಿಗೆ ಬೀಗ ಬಿತ್ತು. 2016ರಲ್ಲಿ ಮಾರುಕಟ್ಟೆಯ ಒಂದು ಬದಿ ಬಿತ್ತು. 2023ರಲ್ಲಿ ಹೈಕೋರ್ಟ್ ಎರಡನ್ನೂ ಕೆಡವಲು ಅಡ್ಡಿಯಿಲ್ಲ ಎಂದಿತು. ಅಪಾಯಕಾರಿ ನಿಜ. ಅಪಾಯ ರಾತ್ರೋರಾತ್ರಿ ಬಂತೇ? ಗೋಡೆಯಲ್ಲಿ ಗಿಡ ಬೇರು ಬಿಡುವುದನ್ನು ವರ್ಷಗಟ್ಟಲೆ ನೋಡುವುದು, ಬಿದ್ದಮೇಲೆ ಸಮಿತಿ ಮಾಡುವುದು, ಕೊನೆಗೆ ಹಳತರ ಮುಖವಾಡ ಹಾಕಿದ ಕಾಂಕ್ರೀಟಿನ ನಕ್ಷೆ ತೋರಿಸುವುದು. ಸತ್ತವರನ್ನು ಹಳೇ ಶೈಲಿಯಲ್ಲಿ ಕಟ್ಟಿಕೊಡುತ್ತಾರಾ?”

ಅಂಕಣಕಾರರು ಬರೆದುಕೊಳ್ಳುವುದನ್ನು ನಿಲ್ಲಿಸಿದರು. ಆ ಮಾರುಕಟ್ಟೆಯಲ್ಲಿ ಎಲೆ, ಹೂವು, ಬಾಳೆಹಣ್ಣು ಮಾರಿ ತಲೆಮಾರುಗಳನ್ನು ಸಾಗಿಸಿದವರಿಗೆ ಪರಂಪರೆಯೆಂದರೆ ಮಳಿಗೆಯ ಬಾಡಿಗೆ, ಬೆಳಿಗ್ಗೆಯ ಗಿರಾಕಿ. ಅದು ಯಾವ ನಕ್ಷೆಯಲ್ಲೂ ಕಾಣುವುದಿಲ್ಲ.

ಅಷ್ಟರಲ್ಲಿ ಏಣಿ ಹಾಕಿ ಪೇಂಟರ್ ಹತ್ತಿದ. ಕೈಯಲ್ಲಿ ರೋಲರ್, ಡಬ್ಬ.

“ಯಾವ ಬಣ್ಣ?” ಹೆಂಚು ಕೇಳಿತು.

“ಹೆಂಚಿನ ಬಣ್ಣ,” ಎಂದ ಪೇಂಟರ್.